ಅಜ್ಜಿಯ ಮನೆ ಹಿಂದಕ್ಕೆ ಬಂದ ದಿನ

ನಮ್ಮ ದೊಡ್ಡಪ್ಪನಿಗೆ ಮಾತಿಗೆ ಮುಂಚೆ ಎರಡು ಸಲ ಕೆಮ್ಮುವ ಅಭ್ಯಾಸ. ಮೊದಲನೆಯ ಕೆಮ್ಮು ಗಂಟಲಿಗೆ, ಎರಡನೆಯದು ಎದುರಿಗೆ ನಿಂತವರಿಗೆ. ಎರಡನ್ನೂ ನಾನು ಹದಿನೈದನೆಯ ವಯಸ್ಸಿಗೇ ಕಲಿತಿದ್ದೆ. ನಾನು ಹಿತ್ತಲಲ್ಲಿ ನಿಂತು ಕೆಮ್ಮಿದರೂ ಅಡಿಗೆಮನೆಯಲ್ಲಿ ದೊಡ್ಡವ್ವ ಸೆರಗು ಸರಿಮಾಡಿಕೊಳ್ಳುತ್ತಿದ್ದಳು. ದಾವಣಗೆರೆಯ ಮಂಡಿಪೇಟೆಯಲ್ಲಿ ಕೆಳಗೆ ದಲಾಲಿ ಅಂಗಡಿ, ಮೇಲೆ ನಮ್ಮ ಮನೆ. ಅಲ್ಲಿ ನನ್ನ ನಕಲಿಗೆ ಸಿಗದವರೇ ಇರಲಿಲ್ಲ. ದೊಡ್ಡವ್ವ ಗೊಣಗುವುದು, ಹಮಾಲರು ಚೀಲ ಇಳಿಸಿ ಉಸಿರು ಬಿಡುವುದು, ಕಾಲೇಜಿನಲ್ಲಿ ಮೇಷ್ಟ್ರು ನನ್ನನ್ನು ಕ್ಲಾಸಿನಿಂದ ಆಚೆ ಕಳಿಸುವುದು, ನಾನು ತಲೆ ತಗ್ಗಿಸಿ ಆಚೆ ಹೋಗುವುದು. ಕೊನೆಯದಕ್ಕೆ ಅಭ್ಯಾಸ ಚೆನ್ನಾಗಿ ಆಗಿತ್ತು.

ಅಜ್ಜಿಯ ನಕಲು ಮಾಡಿದರೆ ಅಜ್ಜಿಯೇ ತಿದ್ದುತ್ತಿದ್ದಳು. “ಅಷ್ಟು ಬಗ್ಗಬ್ಯಾಡೋ. ನಾನಿನ್ನೂ ಅಷ್ಟು ಮುದುಕಿ ಆಗಿಲ್ಲ.”

ಈ ಅಜ್ಜಿಗೆ ಒಂದೇ ಆಸೆ, ಒಮ್ಮೆ ಶ್ರೀಶೈಲ ನೋಡಬೇಕು. ಅದಕ್ಕೆ ಅಡ್ಡವಾಗಿದ್ದವಳೂ ಅಜ್ಜಿಯೇ. ಲಿಂಗಪೂಜೆ ಆಗದೆ ತೊಟ್ಟು ನೀರು ಬಾಯಿಗೆ ಹಾಕುವವಳಲ್ಲ. ಪೂಜೆ ಮಾಡಬೇಕಾದರೆ ತನ್ನ ಮನೆಯೇ ಆಗಬೇಕು, ಉಣ್ಣಬೇಕಾದರೆ ತನ್ನ ಒಲೆಯದೇ ಆಗಬೇಕು. ರೈಲು, ಛತ್ರ, ಬೀಗರ ಮನೆ ಯಾವುದೂ ಆಗದು. ಹೀಗಾಗಿ ಆಕೆ ಕಂಡ ದೂರದ ಊರೆಂದರೆ ಹರಿಹರ. ಬೆಳಿಗ್ಗೆ ಪೂಜೆ ಮುಗಿಸಿ ಹೋಗಿ, ಹೊಳೆಗೆ ಕೈಮುಗಿದು, ಉಪವಾಸವೇ ವಾಪಸ್ಸು ಬಂದು ಉಣ್ಣುತ್ತಿದ್ದಳು.

ಕೊನೆಗೆ ದೊಡ್ಡಪ್ಪ ಎರಡು ಸಲ ಕೆಮ್ಮಿ, “ಅವ್ವ ಮನಿ ಬಿಟ್ಟು ಬರಲ್ಲ ಅಂದ್ರೆ ಮನಿನೇ ಹೊರಡಿಸಿದ್ರಾತು” ಅಂದ. ಐವತ್ತರ ದಶಕದ ಕೊನೆಯ ಮಾತು ಇದು. ದಾವಣಗೆರೆ-ಹರಿಹರದ ನಡುವೆ ಓಡಿ ಓಡಿ ಸುಸ್ತಾಗಿದ್ದ ಒಂದು ಬಸ್ಸನ್ನು ರೂಟಿನಿಂದ ತೆಗೆದುಹಾಕಿದ್ದರು. ದೊಡ್ಡಪ್ಪ ಅದನ್ನು ಕೊಂಡ. ವರ್ಷಾನುಗಟ್ಟಲೆ ಅದನ್ನೇ ಓಡಿಸಿದ್ದ ಡ್ರೈವರಣ್ಣನೂ ಬಸ್ಸಿನ ಜೊತೆಗೇ ಬಂದ, ಹಸುವಿನ ಹಿಂದೆ ಕರು ಬಂದ ಹಾಗೆ. ಬಡಗಿ ಸೀಟು ಕಿತ್ತು ಎರಡು ಮಂಚ ಹಾಕಿದ, ಪಾತ್ರೆಗೆ ಗೂಟ ಹೊಡೆದ, ಒಲೆಗೆ ತಗಡಿನ ಕಟ್ಟೆ ಮಾಡಿದ. ದೇವರ ಗೂಡು ಎಲ್ಲಿ ಅನ್ನುವುದು ದೊಡ್ಡವ್ವನ ತೀರ್ಮಾನ. ಹಿಂದಿನ ದೊಡ್ಡ ಗಾಜಿನ ಕಿಟಕಿಗೆ ಹಲಗೆ ಬಡಿದು ಅಲ್ಲಿಯೇ ಗೂಡು ಕೂರಿಸಿದರು.

ಡ್ರೈವರಣ್ಣ ಬಂದು ನೋಡಿ ತಲೆ ಕೆರೆದುಕೊಂಡ. “ಯಜಮಾನ್ರೇ, ಹಿಂದೆ ಏನೂ ಕಾಣಂಗಿಲ್ಲ.”

ಎರಡು ಕೆಮ್ಮು. “ಹಿಂದೆ ದೇವರು ನೋಡ್ಕೊಂತಾನೆ. ನೀನು ಮುಂದೆ ನೋಡು.”

“ಎಡಗಡೆ ಕನ್ನಡಿನೂ ಇಲ್ರೀ. ಮೊನ್ನೆ ಇತ್ತು.”

“ಕೋತಿ ಒಯ್ದಿರಬೇಕು” ಅಂದಳು ದೊಡ್ಡವ್ವ. ಆಕೆಯ ಊಹೆ ತೀರ ತಪ್ಪೇನಲ್ಲ. ಮೋರೆ ತಿರುಚುವುದನ್ನು ಅಭ್ಯಾಸ ಮಾಡಲು ನನಗೊಂದು ಒಳ್ಳೆ ಕನ್ನಡಿ ಬೇಕಾಗಿತ್ತು. ಬಿಚ್ಚಿ ನನ್ನ ಟ್ರಂಕಿನಲ್ಲಿ ಪಂಚೆಯ ಕೆಳಗೆ ಇಟ್ಟುಕೊಂಡಿದ್ದೆ.

ಶ್ರೀಶೈಲಕ್ಕೆ ಮುಂಚೆ ಒಂದು ಪರೀಕ್ಷೆ ಅಂತ ದೊಡ್ಡಪ್ಪ ಗೊತ್ತು ಮಾಡಿದ. ಹರಿಹರದಲ್ಲಿ ಹೊಳೆಯ ದಂಡೆಗೆ ಪರಿಚಯದವರ ಮಾವಿನ ತೋಪಿತ್ತು. ಅಲ್ಲಿ ಮನೆ-ಬಸ್ಸು ನಿಲ್ಲಿಸಿ, ಅಜ್ಜಿ ಪೂಜೆ ಮಾಡಿ, ಒಲೆ ಹಚ್ಚಿ ಉಂಡು ಒಂದು ದಿನ ಇದ್ದರೆ ಮುಂದಿನ ತಿಂಗಳು ಶ್ರೀಶೈಲ. ಆಗಲಿಲ್ಲ ಅಂದರೆ ಬಸ್ಸು ಗುಜರಿಗೆ.

ಹೊರಡುವ ಹಿಂದಿನ ದಿನ ನಾನು ಚೀಲಗಳ ಮರೆಯಲ್ಲಿ ನಿಂತು ಎರಡು ಸಲ ಕೆಮ್ಮಿ, ದೊಡ್ಡಪ್ಪನ ದನಿಯಲ್ಲಿ “ಬಸ್ ತೆಗಿಯೋ” ಅಂದೆ. ಡ್ರೈವರಣ್ಣ ಚಾ ಲೋಟ ಬಿಟ್ಟು ಓಡಿ, ದೊಡ್ಡವ್ವ ಹಾಕುತ್ತಿದ್ದ ರಂಗೋಲಿ ಮೇಲೆ ಹಾಯಿಸಿ ಬಸ್ಸನ್ನು ಮಂಡಿಪೇಟೆಯ ನಡುಬೀದಿಗೆ ತಂದು ನಿಲ್ಲಿಸಿದ. ಮುಂದೆ ಬಂಡಿ, ಹಿಂದೆ ಬಂಡಿ. ಎತ್ತುಗಳೂ ನಕ್ಕವು ಅಂತ ನನ್ನ ಅಂದಾಜು. ದೊಡ್ಡಪ್ಪ ಮಾತ್ರ ನಗಲಿಲ್ಲ. ಕೆಮ್ಮಲೂ ಇಲ್ಲ.

“ಹರಿಹರದಿಂದ ವಾಪಸ್ ಬರೋತನಕ ನಿನ್ನ ಬಾಯಾಗಿಂದ ಯಾರದೂ ದನಿ ಹೊರಡಬಾರದು. ನಿಂದೂ ಹೊರಡಬಾರದು. ಹೊರಟ್ರೆ ಅಲ್ಲೇ ಇಳಿಸಿ ಬರ್ತೀನಿ.”

ಅಜ್ಜಿ ನನ್ನ ಪರವಾಗಿ ಒಪ್ಪಿಕೊಂಡಳು. “ಸುಮ್ಕಿರ್ತಾನೆ ಬಿಡು. ಇಲ್ಲಾಂದ್ರೆ ನಾನೇ ಬಾಯಿ ಹೊಲಿತೀನಿ.”

ಮರುದಿನ ಬೆಳಕು ಹರಿಯುವಾಗ ಹೊರಟೆವು. ಒಂಬತ್ತು ಮೈಲಿ ದಾರಿ. ಹಳೇ ಸ್ಟಾಪು ಬಂದಾಗಲೆಲ್ಲ ಡ್ರೈವರಣ್ಣನ ಕಾಲು ತಾನೇ ಬ್ರೇಕಿನ ಮೇಲೆ ಹೋಗುತ್ತಿತ್ತು. ಒಂದು ಕಡೆ ರುಮಾಲಿನ ಮನುಷ್ಯನೊಬ್ಬ ಬುಟ್ಟಿ ಸಮೇತ ಹತ್ತಿಯೇಬಿಟ್ಟ. ಒಳಗೆ ಮಂಚ, ಒಲೆ, ವಿಭೂತಿ ಹಚ್ಚಿಕೊಂಡ ಅಜ್ಜಿ. ಅವನು ಮೆಟ್ಟು ಬಿಟ್ಟು ಕೈಮುಗಿದ. “ಮನಿ ಅಂತ ಗೊತ್ತಾಗಲಿಲ್ರವ್ವಾ, ತಪ್ಪಾತು.” ನನ್ನ ಬಾಯಿ ತುರಿಸುತ್ತಿತ್ತು. ಅಜ್ಜಿ ಸೂಜಿ ಹಿಡಿದ ಹಾಗೆ ಬೆರಳು ತೋರಿಸಿದಳು.

ತೋಪು ಮುಟ್ಟಿದ ಮೇಲೆ ತಾಪತ್ರಯ ಶುರುವಾಯಿತು. ಒಳಗೆ ಹೋಗಲು ಇದ್ದದ್ದು ದಕ್ಷಿಣದಿಂದ ಒಂದೇ ದಾರಿ. ಒಂದು ಪಕ್ಕಕ್ಕೆ ಹೊಳೆಯ ದಂಡೆ, ಇನ್ನೊಂದು ಪಕ್ಕಕ್ಕೆ ಆಳೆತ್ತರದ ಕಲ್ಲುಕಂಬ. ಬಸ್ಸು ಮೂತಿ ಮುಂದಾಗಿ ಹೋದರೆ ಬಾಗಿಲು ಪಶ್ಚಿಮಕ್ಕೆ, ಹೊಳೆಯ ಇಳಿಜಾರಿಗೆ ತೆರೆಯುತ್ತದೆ. ಅಜ್ಜಿ ಇಳಿದರೆ ನೇರ ನೀರಿಗೇ. ಅಲ್ಲದೆ ಆಕೆಗೆ ಬಾಗಿಲು ಪೂರ್ವಕ್ಕೇ ಇರಬೇಕು. ಅಂದರೆ ಬಸ್ಸು ಹಿಮ್ಮುಖವಾಗಿ ಒಳಗೆ ಹೋಗಬೇಕು.

“ಹಂಗಾದ್ರೆ ಮೂತಿ ದಕ್ಷಿಣಕ್ಕೆ ಆಗ್ತೈತಲ್ಲ ಅತ್ತೆ, ಯಮನ ಕಡಿಗೆ” ಅಂದಳು ದೊಡ್ಡವ್ವ.

“ಮನಿಗೆ ಮುಖ ಅಂದ್ರೆ ಬಾಗ್ಲು ಕಣೇ. ಎತ್ತಿನ ಮೂತಿ ನೋಡಿ ಯಾರಾದ್ರೂ ಬಾಗ್ಲು ಇಡ್ತಾರೇನು?”

ದೊಡ್ಡಪ್ಪ ಇಳಿದು ಬಸ್ಸಿನ ಮುಂದೆ ನಿಂತ. ಹಿಂದೆ ಏನಿದೆ ಅಂತ ಅವನಿಗೆ ಕಾಣದು, ಆದರೆ ಮುಂದೆ ನಿಂತು ಹುಕುಂ ಕೊಟ್ಟು ರೂಢಿ. “ಬರ್ಲಿ, ಬರ್ಲಿ, ಬರ್ಲಿ!” ದೊಡ್ಡವ್ವ ಕಿಟಕಿಯಿಂದ ತಲೆ ಹಾಕಿ “ಬ್ಯಾಡ, ಬ್ಯಾಡ, ಕಂಬ!” ಅಂದಳು. ಹೊಳೆಯಲ್ಲಿ ಬಟ್ಟೆ ಒಗೆಯುತ್ತಿದ್ದವರು ಮೇಲೆ ಬಂದರು. ಎತ್ತು ಮೈ ತೊಳೆಯಲು ಬಂದವರು ಎತ್ತು ಬಿಟ್ಟು ಬಂದರು. ಹರಿಹರದಲ್ಲಿ ಬಸ್ಸು ಹಿಂದಕ್ಕೆ ತರಲು ಬಾರದವನು ಅವತ್ತು ಒಬ್ಬನೂ ಇರಲಿಲ್ಲ, ಡ್ರೈವರಣ್ಣನೊಬ್ಬನನ್ನು ಬಿಟ್ಟು. “ಕಟ್ ಮಾಡ್ರೀ!” “ಸೀದಾ ಬರ್ರೀ!” “ಯಾಕ ಹಂಗೆ ತಿರುಗುಸ್ತೀರಿ?”

ಎಡಗಡೆಯ ಕಂಬ ಡ್ರೈವರಣ್ಣನಿಗೆ ಕಾಣುತ್ತಿರಲಿಲ್ಲ. ಕಾಣಬೇಕಾದ ಕನ್ನಡಿ ನನ್ನ ಟ್ರಂಕಿನಲ್ಲಿತ್ತು. ಕಂಬಕ್ಕೆ ಹೆದರಿ ಅವನು ಬಲಕ್ಕೆ, ಹೊಳೆಯ ಕಡೆಗೆ ಸರಿಯುತ್ತ ಹೋದ. ದಂಡೆಯ ಮಣ್ಣು ಕುಸಿಯಿತು. ಬಸ್ಸು ಒಂದು ಕಡೆಗೆ ವಾಲಿ ನಿಂತಿತು. ಒಳಗೆ ಪಾತ್ರೆಗಳೆಲ್ಲ ಗೂಟ ಬಿಟ್ಟು ಬಿದ್ದವು. ಪೂಜೆಗೆ ಅಂತ ಅಜ್ಜಿ ಮನೆಯಿಂದ ತಂದಿದ್ದ ಕೊಡದ ನೀರೆಲ್ಲ ಚೆಲ್ಲಿ ನನ್ನ ಕಾಲು ತೋಯಿಸಿತು.

ಡ್ರೈವರಣ್ಣ ಉಸಿರು ಹಿಡಿದು ಬಸ್ಸನ್ನು ಮುಂದಕ್ಕೆ ದಾರಿಗೆ ತಂದ. ದೊಡ್ಡಪ್ಪನ ಮೋರೆ ಬಿಳಿಚಿಕೊಂಡಿತ್ತು. “ಸಾಕು. ವಾಪಸ್ ಹೋಗಾಣ. ಶ್ರೀಶೈಲಕ್ಕೆ ಇಲ್ಲಿಂದಾನೇ ಕೈಮುಗಿದುಬಿಡವ್ವಾ.”

ಬಿಸಿಲು ನೆತ್ತಿಗೆ ಬರುತ್ತಿತ್ತು. ಅಜ್ಜಿಯ ಬಾಯಿಗೆ ಬೆಳಗಿನಿಂದ ಹನಿ ನೀರು ಹೋಗಿರಲಿಲ್ಲ. ಆಕೆ ಕೆಳಗೆ ಬಿದ್ದಿದ್ದ ತಂಬಿಗೆ ಎತ್ತಿ ಸೆರಗಿನಿಂದ ಒರೆಸಿ ಗೂಟಕ್ಕೆ ಹಾಕಿದಳು. ಸರಿಯಾಗಿ ಕೂತಿದೆಯಾ ಅಂತ ಅಲ್ಲಾಡಿಸಿ ನೋಡಿದಳು. ಮನೆ ಮಾರುವವರು ಹಾಗೆ ನೋಡುವುದಿಲ್ಲ. ಅದನ್ನು ಕಂಡು ನಾನು ಜೊತೆಗೆ ತಂದಿದ್ದ ಟ್ರಂಕು ತೆಗೆದೆ. ಪಂಚೆಯ ಕೆಳಗಿನಿಂದ ಕನ್ನಡಿ ಎತ್ತಿ ಡ್ರೈವರಣ್ಣನ ಕೈಗೆ ಕೊಟ್ಟೆ. ಬಾಯಿ ಬಿಡುವಂತಿರಲಿಲ್ಲ, ಅದೊಂದು ಪುಣ್ಯ.

ದೊಡ್ಡವ್ವ ಕನ್ನಡಿ ನೋಡಿದಳು, ನನ್ನನ್ನು ನೋಡಿದಳು. “ನಾನು ಹೇಳಿರಲಿಲ್ವಾ, ಕೋತಿ ಅಂತ?”

ಡ್ರೈವರಣ್ಣ ಬೈಯಲಿಲ್ಲ. ಚೀಲ ಹೊಲಿಯುವ ಹುರಿಯಿಂದ ಕನ್ನಡಿಯನ್ನು ಬಿಗಿದು ಕಟ್ಟಿದ. ಆಮೇಲೆ ಇಳಿದು ತೋಪಿನೊಳಗೆಲ್ಲ ಒಮ್ಮೆ ನಡೆದು ಬಂದ. ನೆಲ ತುಳಿದು ನೋಡಿದ, ಕಂಬದಿಂದ ದಂಡೆಗೆ ಹೆಜ್ಜೆ ಹಾಕಿದ, ಒಂದು ಕೊಂಬೆಯ ಕಡೆಗೆ ಕತ್ತೆತ್ತಿ ನನಗೆ ತೋರಿಸಿದ. ದೊಡ್ಡಪ್ಪನ ಮುಂದೆ ಬಂದು ನಿಂತ.

“ಯಜಮಾನ್ರೇ, ಇನ್ನೊಂದು ಸಲ ನೋಡ್ತೀನಿ. ಆದ್ರೆ ನನಗೆ ಒಬ್ಬನೇ ಸಾಕು. ಮಾತಾಡದೋನು ಬೇಕು.”

ನಮ್ಮ ಮನೆತನದಲ್ಲಿ ಅಂಥವರು ಹುಟ್ಟಿರಲಿಲ್ಲ. ಕಿಟಕಿಯಿಂದ ಅಜ್ಜಿಯ ದನಿ ಬಂತು. “ಇವನಿದಾನಲ್ಲ. ನಿನ್ನೆಯಿಂದ ಬಾಯಿ ಹೊಲಿದೈತೆ.”

ಡ್ರೈವರಣ್ಣ ನನ್ನನ್ನು ಪಕ್ಕಕ್ಕೆ ಕರೆದ. “ತಮ್ಮಾ, ಈ ಕನ್ನಡಿಯಾಗೆ ನನಗೆ ಕಾಣಂಗೆ ಇರು. ಬಸ್ಸಿನ ಹಿಂದಕ್ಕೆ ಮಾತ್ರ ಹೋಗಬ್ಯಾಡ. ನೀನು ಕಾಣಲಿಲ್ಲ ಅಂದ್ರೆ ನಾನು ನಿಂತೆ ಅಂತ ತಿಳ್ಕೊ. ನಿಲ್ಲಿಸಬೇಕಂದ್ರೆ ತಗಡಿಗೆ ಎರಡೇಟು ಬಡಿ, ನಿಮ್ಮ ಹಮಾಲರು ಬಂಡಿ ಹಿಂದಕ್ಕೆ ತಳ್ಳುವಾಗ ಬಡಿತಾರಲ್ಲ ಹಂಗೆ.”

“ಅವ್ವ, ನೀನು ಇಳಿ” ಅಂದ ದೊಡ್ಡಪ್ಪ.

“ಮನಿ ನಿಲ್ಲೋತನಕ ನಾನು ಇಳಿಯಲ್ಲ.”

ಬಸ್ಸು ನಿಧಾನ ಹಿಂದಕ್ಕೆ ಹೊರಟಿತು. ನಾನು ಎಡಗಡೆ ಅಷ್ಟು ದೂರದಲ್ಲಿ ನಿಂತು ಕೈ ಬೀಸಿದೆ. ನನ್ನ ಕೈ ಏನು ಹೇಳುತ್ತಿದೆ ಅಂತ ನನಗೇ ತಿಳಿಯಲಿಲ್ಲ. ಅವನ ಕಡೆ ಮುಖ ಮಾಡಿ ಕೈ ಬೀಸಿದರೆ ಮದುವೆಗೆ ಕರೆದ ಹಾಗಿತ್ತು. ಡ್ರೈವರಣ್ಣ ಬ್ರೇಕು ಹಾಕಿ ಕನ್ನಡಿಯಲ್ಲಿ ನನ್ನನ್ನು ಪಿಳಿಪಿಳಿ ನೋಡಿದ.

ನನಗೆ ಜೀವಮಾನದಲ್ಲಿ ಬರುತ್ತಿದ್ದದ್ದು ಒಂದೇ ವಿದ್ಯೆ. ಅದನ್ನೇ ಮಾಡಿದೆ. ಬಸ್ಸಾದೆ.

ಹೊಟ್ಟೆ ಮುಂದಕ್ಕೆ ತಂದು, ಎರಡೂ ಮೊಣಕೈ ಅಗಲಿಸಿ, ಮಣ್ಣುದಾರಿಯಲ್ಲಿ ಹಳೇ ಸ್ಪ್ರಿಂಗು ಕುಲುಕುವ ಹಾಗೆ ಕುಲುಕುತ್ತ ಹಿಂದಕ್ಕೆ ನಡೆದೆ. ಬಸ್ಸಿನ ಹಿಂಭಾಗ ಕಂಬದ ಕಡೆಗೆ ಬಂದಾಗ ನಾನು ಎಡ ಸೊಂಟ ತಾಗಿದವನಂತೆ ಒಳಕ್ಕೆ ಎಳೆದುಕೊಂಡೆ. ಡ್ರೈವರಣ್ಣ ಸ್ಟೇರಿಂಗ್ ತಿರುಗಿಸಿದ, ಬಸ್ಸೂ ಸೊಂಟ ಎಳೆದುಕೊಂಡಿತು. ದಂಡೆಯ ಕಡೆ ಹೆಚ್ಚಾದಾಗ ಬಲಗಾಲು ಜಾರಿದವನಂತೆ ಎತ್ತಿದೆ. ಬಸ್ಸು ನೆಟ್ಟಗಾಯಿತು. ಅವನಿಗೆ ತನ್ನ ಬಸ್ಸಿನ ಬೆನ್ನು ಕನ್ನಡಿಯಲ್ಲಿ, ಪಂಚೆ ಉಟ್ಟುಕೊಂಡು ಕಾಣುತ್ತಿತ್ತು. ಬಟ್ಟೆ ಒಗೆಯುವವರು ಹೊಟ್ಟೆ ಹಿಡಿದುಕೊಂಡು ಕೂತರು. ದೊಡ್ಡಪ್ಪ ಕೆಮ್ಮಿದ, ಆದರೆ ಅದು ನಗು ತಡೆಯುವ ಕೆಮ್ಮು. ನನ್ನ ಸಂಗ್ರಹದಲ್ಲಿ ಇಲ್ಲದ್ದು.

ಜನ ನಕ್ಕರೆ ನನಗೆ ತಲೆ ತಿರುಗುತ್ತದೆ. ಕಂಬ ದಾಟಿದ ಮೇಲೆ ಇನ್ನಷ್ಟು ಕುಲುಕಿದೆ, ಬಾಯಿಮುಚ್ಚಿಕೊಂಡೇ ಹಾರನ್ ಹೊಡೆದ ಹಾಗೆ ಕೆನ್ನೆ ಉಬ್ಬಿಸಿದೆ. ಮಾವಿನ ಕೊಂಬೆಯ ಕೆಳಗೆ ಸಲೀಸಾಗಿ ಹಾದುಹೋದೆ. ನನ್ನ ಎತ್ತರ ಐದೂವರೆ ಅಡಿ. ಬಸ್ಸಿನ ಎತ್ತರ, ಅದರ ಮೇಲೆ ಕಟ್ಟಿದ ಸೌದೆಯ ಹೊರೆ, ಡ್ರೈವರಣ್ಣ ಕತ್ತೆತ್ತಿ ತೋರಿಸಿದ್ದ ಕೊಂಬೆ, ಈ ಮೂರೂ ನನ್ನ ತಲೆಯಿಂದ ಹಾರಿಹೋಗಿದ್ದವು.

ಧಡ್. ಧಡ್.

ಬಸ್ಸು ನಿಂತಿತು. ಬಡಿದವನು ನಾನಲ್ಲ. ಸದ್ದು ಬಂದದ್ದು ಬಸ್ಸಿನ ಒಳಗಿನಿಂದ. ಕಿಟಕಿಯಲ್ಲಿ ಅಜ್ಜಿ ಮೇಲೆ ನೋಡುತ್ತ ಕೂತಿದ್ದಳು, ಅಂಗೈ ಇನ್ನೂ ತಗಡಿನ ಮೇಲಿತ್ತು. ಸೌದೆಗೂ ಕೊಂಬೆಗೂ ನಡುವೆ ಒಂದು ಗೇಣು. ನಲವತ್ತು ವರ್ಷ ಮಂಡಿಪೇಟೆಯ ಮಾಳಿಗೆಯಲ್ಲಿ ಕೂತು ಕೆಳಗೆ ಹಮಾಲರು ಬಂಡಿ ನಿಲ್ಲಿಸುವ ಸದ್ದು ಕೇಳಿದವಳು ಆಕೆ.

“ಬಸ್ಸಿಗೆ ತಲೀನೂ ಇರ್ತೈತೋ” ಅಂದಳು. “ನಿನ್ನಂಗಲ್ಲ.”

ಎರಡಡಿ ಮುಂದಕ್ಕೆ ತಂದು, ಗಾಲಿಗೆ ಕಲ್ಲು ಕೊಟ್ಟಾಯಿತು. ಬಾಗಿಲು ನೆಟ್ಟಗೆ ಪೂರ್ವಕ್ಕೆ. ಅಜ್ಜಿ ಬಲಗಾಲು ಮುಂದಿಟ್ಟು ಇಳಿದಳು, ಸೆರಗು ಹಿಡಿದು ಹೊಳೆಗೆ ಹೋಗಿ ಮಿಂದು ಹೊಸ ನೀರು ತಂದಳು. ಅವಳ ಪೂಜೆಯ ಗಂಟೆ ಬಸ್ಸಿನೊಳಗಿಂದ ಕೇಳಿದಾಗ ನಾವೆಲ್ಲ ಹೊರಗೆ ಮರದ ನೆರಳಲ್ಲಿ ಕೂತಿದ್ದೆವು. ಆಮೇಲೆ ಒಲೆ ಹೊತ್ತಿತು. ಕಿಟಕಿಯಿಂದ ಹೊಗೆ, ಹೊಗೆಯ ಹಿಂದೆ ರೊಟ್ಟಿ ಬಡಿಯುವ ಸದ್ದು. ಮೊದಲ ರೊಟ್ಟಿ ಡ್ರೈವರಣ್ಣನಿಗೆ ಹೋಯಿತು.

ದೊಡ್ಡಪ್ಪ ಅವನ ಪಕ್ಕ ಕುಕ್ಕರಗಾಲಲ್ಲಿ ಕೂತ. ಎರಡು ಕೆಮ್ಮು. “ಶ್ರೀಶೈಲದ ದಾರಿ ಗೊತ್ತೈತಾ?”

“ಮುಂದಕ್ಕೆ ಹೋಗಾಕೆ ಗೊತ್ತೈತ್ರಿ. ಹಿಂದಕ್ಕೆ ಬರಾಕೆ ಈ ತಮ್ಮ ಬೇಕು.”

ಹೋಗಿ ಬಂದೆವು. ಅಜ್ಜಿ ಶ್ರೀಶೈಲ ಕಂಡಳು. ನಾನು ದಾರಿಯ ತೋಪು, ಕೆರೆದಂಡೆ, ಹತ್ತಿ ಜಿನ್ನಿನ ಅಂಗಳಗಳಲ್ಲೆಲ್ಲ ಬಸ್ಸಾದೆ, ತಲೆ ಸಮೇತ. ಪ್ರತಿ ಊರಿನಲ್ಲೂ ಬಾಗಿಲು ಪೂರ್ವಕ್ಕೇ ತೆರೆಯಿತು. ಮೂರ್ನಾಲ್ಕು ವರ್ಷಕ್ಕೆ ಬಸ್ಸಿನ ಎಂಜಿನ್ನು ಕೈಕೊಟ್ಟಿತು. ಈಗ ಗಾಲಿ ಕಳಚಿಕೊಂಡು ಗೋದಾಮಿನ ಹಿಂದೆ ನಿಂತಿದೆ, ಒಳಗೆ ಖಾಲಿ ಚೀಲ.

ಅಂದಿನಿಂದ ನನ್ನ ಉಳಿದೆಲ್ಲ ನಕಲುಗಳಿಗೂ ಮನೆಯಲ್ಲಿ ಬೆಲೆ ಇಳಿಯಿತು. ನೆಂಟರು ಬಂದರೆ ಅಜ್ಜಿ, “ಏ, ಬಸ್ ಆಗೋ” ಅನ್ನುತ್ತಿದ್ದಳು. ನಾನು ನಡುಮನೆಯಲ್ಲಿ ಮೊಣಕೈ ಅಗಲಿಸಿ, ಕುಲುಕುತ್ತ, ತೊಲೆಗೆ ತಲೆ ತಗ್ಗಿಸುತ್ತ ಹಿಂದಕ್ಕೆ ಹೋಗುತ್ತಿದ್ದೆ. ಹಿಂದಕ್ಕೆ ನೋಡುತ್ತಿರಲಿಲ್ಲ. ಗೋಡೆ ಒಂದು ಗೇಣು ಇರುವಾಗ ಅಜ್ಜಿ ಕೂತಲ್ಲಿಂದಲೇ ನೆಲಕ್ಕೆ ಎರಡೇಟು ಬಡಿಯುತ್ತಿದ್ದಳು.

ಈಗಲೂ ಮಕ್ಕಳು ಕೇಳುತ್ತಾರೆ. ಮಾಡುತ್ತೇನೆ. ಅಜ್ಜಿ ಹೋಗಿ ಎರಡು ವರ್ಷವಾಯಿತು, ಆದರೂ ಹಿಂದಕ್ಕೆ ನೋಡುವ ಅಭ್ಯಾಸ ಬಂದಿಲ್ಲ. ಗೋಡೆಗೆ ಬೆನ್ನು ಧಡ್ ಅಂತ ಬಡಿದ ಮೇಲೆಯೇ ನಿಲ್ಲುತ್ತೇನೆ. ಮಕ್ಕಳು ಅದೂ ಆಟದ ಭಾಗ ಅಂದುಕೊಂಡು ನಗುತ್ತವೆ.