ಹಸೀನಾಬಿ ಮತ್ತು ಸಕ್ಕರಿಯ ಕಾಲಿನ ಗಂಟು

ಲಕ್ಷ್ಮೇಶ್ವರದ ಹಸೀನಾಬಿ ಕೌದಿ ಹೊಲಿಯುವಾಕೆ. ಹಳೆ ಸೀರೆ, ಹರಿದ ಧೋತರ, ಏನು ತಂದುಕೊಟ್ಟರೂ ಪದರಿನ ಮೇಲೆ ಪದರಿಟ್ಟು, ಒತ್ತೊತ್ತಾಗಿ ಹೊಲಿಗೆ ಹಾಕಿ, ಬೆಚ್ಚನೆಯ ಕೌದಿ ಮಾಡಿ ಕೊಡುತ್ತಿದ್ದಳು. ಮನೆತುಂಬ ಅರಿವೆ ಇದ್ದಮೇಲೆ ಇಲಿ ಬಿಟ್ಟಾವೇ? ಅದಕ್ಕೇ ಗಂಡ ಲಾಡಸಾಬ ಶಿರಹಟ್ಟಿಯಿಂದ ಒಂದು ಬಿಳಿ ಬೆಕ್ಕಿನ ಮರಿ ತಂದಿದ್ದ. ಅದಕ್ಕೆ ಸಕ್ಕರಿ ಎಂದು ಹೆಸರಿಟ್ಟರು. ಮಗಳು ನಸ್ರೀನಳನ್ನು ಮುಂಡರಗಿಗೆ ಕೊಟ್ಟಮೇಲೆ ಹಸೀನಾಬಿ ಹಗಲೆಲ್ಲ ಮಾತಾಡುತ್ತಿದ್ದುದು ಅದರ ಜೊತೆಗೇ.

ಓಣಿಯಲ್ಲಿ ಹುಚ್ಚುನಾಯಿ ಕಾಟ ಎದ್ದ ವರ್ಷ ಗದಗಿನ ದನದ ದವಾಖಾನೆಯಿಂದ ಡಾಕ್ಟರ್ ಸೀಮಾಬಾಯಿ ಬಂದು ನಾಯಿ, ಬೆಕ್ಕುಗಳಿಗೆಲ್ಲ ಹುಚ್ಚು ಬಾರದ ಹಾಗೆ ಸೂಜಿ ಮಾಡಿಹೋದರು. ಸಕ್ಕರಿಗೆ ಹಿಂಗಾಲಿನ ಕೆಳಭಾಗದಲ್ಲಿ ಮಾಡಿದ್ದರು. ಕೆಲವು ವಾರಗಳಾದ ಮೇಲೆ ಅಲ್ಲೇ ಕಡಲೆಕಾಳಿನಷ್ಟು ಗಂಟು ಹಸೀನಾಬಿಯ ಬೆರಳಿಗೆ ಸಿಕ್ಕಿತು. ಫೋನ್ ಮಾಡಿದಳು.

“ಸೂಜಿ ಮಾಡಿದಲ್ಲಿ ಹಂಗ ಆಗತೈತ್ರಿ ಚಾಚಿ, ಬಹಳಷ್ಟು ತಾನ ಕರಗತಾವು,” ಎಂದರು ಡಾಕ್ಟರು. “ತಿಂಗಳಾದ ಮ್ಯಾಲೂ ಬೆಳಕೋತ ಹೋದ್ರ ಮಾತ್ರ ಜಲ್ದಿ ಕರಕೊಂಡು ಬರ್ರಿ.”

ಅದು ಕರಗಲಿಲ್ಲ. ಕಡಲೆಕಾಳು ಹೋಗಿ ಅಡಿಕೆಯಷ್ಟಾಯಿತು. ಪಕ್ಕದ ಮನೆಯ ಖಾತುನಬಿ ಸುಣ್ಣ, ಅರಿಷಿಣ ಹಚ್ಚು ಎಂದಳು. ಹಸೀನಾಬಿ ಹಚ್ಚಲಿಲ್ಲ. ಬೆಕ್ಕನ್ನು ಮುಚ್ಚಳದ ಬುಟ್ಟಿಯಲ್ಲಿ ಕೂಡಿಸಿಕೊಂಡು ಲಾಡಸಾಬನ ಜೊತೆ ಗದಗಿನ ಬಸ್ಸು ಹತ್ತಿದಳು.

ಸೀಮಾಬಾಯಿ ಗಂಟನ್ನು ಒತ್ತಿ ನೋಡಿದರು, ಅಳತೆ ಹಿಡಿದರು. ರೋಗ ಒಳಗೆಲ್ಲಾದರೂ ಹರಡಿದೆಯೇ ಎಂದು ಎದೆಯ ಎಕ್ಸ್‌ರೇ ತೆಗೆಸಿದರು. ಅದರಲ್ಲಿ ಏನೂ ಕಾಣಲಿಲ್ಲ. ಆಮೇಲೆ ಬೆಕ್ಕಿಗೆ ಅರಿವಳಿಕೆ ಕೊಟ್ಟು ಗಂಟಿನ ಒಂದು ಸಣ್ಣ ತುಣುಕನ್ನಷ್ಟೇ ತೆಗೆದು ಲ್ಯಾಬಿಗೆ ಕಳಿಸಿದರು.

“ಇಡೀ ಗಂಟು ಇವತ್ತ ತಗದ ಬಿಡ್ರಲಾ,” ಎಂದ ಲಾಡಸಾಬ.

“ಕೆಟ್ಟ ಗಂಟಾಗಿದ್ರ ಸುತ್ತ ಬೇರು ಬಿಟ್ಟಿರತೈತಿ. ಮ್ಯಾಲಿಂದ ಮ್ಯಾಲ ತಗದ್ರ ಮತ್ತ ಬರತೈತಿ, ಮೊದಲಿಗಿಂತ ಜೋರ. ಏನಂತ ತಿಳದ ಮ್ಯಾಲ ಕೈ ಹಾಕೋಣ.”

ಲ್ಯಾಬಿನಿಂದ ಉತ್ತರ ಬಂದ ದಿನ ಡಾಕ್ಟರು ಇಬ್ಬರನ್ನೂ ಕೂಡಿಸಿ ಹೇಳಿದರು: ಅದು ಕ್ಯಾನ್ಸರ್. ಕಾಲು ತೆಗೆಯಬೇಕು.

ಹಸೀನಾಬಿ ನೇರವಾಗಿ ಕೇಳಿದಳು: “ನಿಮ್ಮ ಸೂಜಿಯಿಂದನ ಆತೇನ್ರಿ ಬಾಯಾರ?”

ಸೀಮಾಬಾಯಿ ಮುಖ ತಿರುಗಿಸಲಿಲ್ಲ. “ಹೌದ್ರಿ ಚಾಚಿ, ಅದರಿಂದನ ಆಗಿರಬೇಕು. ಸಾವಿರಾರು ಬೆಕ್ಕಿನ್ಯಾಗ ಒಂದಕ್ಕ ಹಿಂಗ ಆಗತೈತಿ. ಹಿಂಗೇನರ ಆದ್ರ ಕಾಲು ತಗದು ಜೀವ ಉಳಸಬಹುದು ಅಂತನ ಬೆಕ್ಕಿಗೆ ಕಾಲಾಗ ಸೂಜಿ ಮಾಡ್ತೀವಿ. ಬೆನ್ನಾಗ ಆಗಿದ್ರ ಎಲ್ಲಿ ಅಂತ ಕೊಯ್ಯೂದು? ನಿಮ್ಮ ಸಕ್ಕರಿ ಪಾಲಿಗೆ ಅದು ಬಂತು. ನನಗೂ ಸಂಕಟ ಐತಿ.”

ಬೈಯಬೇಕೆಂದು ಬಾಯಿ ತೆರೆದ ಹಸೀನಾಬಿಗೆ ಹಳೆಯದೊಂದು ನೆನಪಾಯಿತು. ಅವಳ ತಾಯಿ ಅಮೀನಬಿಯ ಎದೆಯಲ್ಲೂ ಒಂದು ಗಂಟು ಎದ್ದಿತ್ತು. ಆಗ ಮನೆಯ ದೊಡ್ಡವರೆಲ್ಲ ಹೊರಗೆ ನಿಂತು ಪಿಸುಗುಟ್ಟಿದರು; “ಏನಿಲ್ಲ, ಆರಾಮ ಆಗತಿ” ಎಂದಲ್ಲದೆ ಆ ಮುದುಕಿಗೆ ಬೇರೇನೂ ಹೇಳಲಿಲ್ಲ. ತನಗೇನಾಗಿದೆ ಎಂದು ತಿಳಿಯದೆಯೇ ಅಮೀನಬಿ ಕಣ್ಣು ಮುಚ್ಚಿದ್ದಳು. ಇಲ್ಲಿ ಒಂದು ಬೆಕ್ಕಿನ ಸಲುವಾಗಿ, ಕೌದಿ ಹೊಲಿಯುವ ತನ್ನ ಮುಂದೆ, ಡಾಕ್ಟರು ಖರೆ ಹೇಳುತ್ತಿದ್ದಾರೆ!

“ಮಾಡ್ರಿ ಬಾಯಾರ,” ಎಂದಳು. “ನಿಮ್ಮ ಕೈಯಾಗ ಕೊಟ್ಟೀನಿ.”

ಕಾಲನ್ನು ತೊಡೆಯ ಬುಡದಿಂದಲೇ ತೆಗೆದರು. ಮನೆಗೆ ಬಂದ ಸಕ್ಕರಿ ಮೊದಮೊದಲು ಒಂದು ಕಡೆ ವಾಲಿ ಬೀಳುತ್ತಿತ್ತು. ಹಸೀನಾಬಿ ಅದರ ಹೊಟ್ಟೆಯ ಕೆಳಗೆ ಪಟ್ಟಿ ಅರಿವೆ ಕೊಟ್ಟು ಎತ್ತಿ ಹಿಡಿದು ನಡೆಸಿದಳು. ಲಾಡಸಾಬ ಕಟ್ಟೆಗೆ ಒಂದು ಮೋಟು ಮೆಟ್ಟಿಲು ಮಾಡಿದ. ಹೊಲಿಗೆ ಬಿಚ್ಚುವ ಹೊತ್ತಿಗೆ ಬೆಕ್ಕು ಆ ಮೆಟ್ಟಿಲನ್ನು ಲೆಕ್ಕಕ್ಕೇ ಇಟ್ಟುಕೊಳ್ಳದೆ ಒಂದೇ ನೆಗೆತಕ್ಕೆ ಕಟ್ಟೆ ಏರುತ್ತಿತ್ತು. ತೆಗೆದ ಕಾಲನ್ನು ಲ್ಯಾಬಿನವರು ಪರೀಕ್ಷಿಸಿ ಕೊಯ್ದ ಅಂಚಿನಲ್ಲಿ ರೋಗವಿಲ್ಲ ಎಂದರು. “ಆದ್ರೂ ಆಗಾಗ ತೋರಸ್ರಿ,” ಎಂದರು ಸೀಮಾಬಾಯಿ.

ಮರುವರ್ಷ ಸೀಮಾಬಾಯಿ ಸೂಜಿ ಮಾಡಲು ಬಂದಾಗ ಓಣಿಯವರು ಬಾಗಿಲು ಹಾಕಿಕೊಂಡರು. “ಸಕ್ಕರಿಗೆ ಆದಂಗ ನಮ್ಮ ಬೆಕ್ಕಿಗೂ ಆದ್ರ?” ಎಂದಳು ಖಾತುನಬಿ.

“ಆದ್ರ ನಾ ನಿನ್ನ ಜೊತಿ ಗದಗಕ್ಕ ಬರತೇನಿ. ಹುಚ್ಚುನಾಯಿ ಕಚ್ಚಿದ್ರ ಯಾವ ಬಸ್ಸು ಹತ್ತೀ?” ಎಂದು ಹಸೀನಾಬಿ ತಾನೇ ಖಾತುನಬಿಯ ಬೆಕ್ಕನ್ನು ಅರಿವೆಯಲ್ಲಿ ಸುತ್ತಿ ತಂದು ಹಿಡಿದಳು. ಅವಳ ಹಿಂದೆ ಒಬ್ಬೊಬ್ಬರಾಗಿ ಉಳಿದವರೂ ಬಂದರು.

ಈಗ ಎರಡು ವರ್ಷ ದಾಟಿದೆ, ಗಂಟು ಮರಳಿಲ್ಲ. ನಮಾಜು ಮುಗಿಸಿ ದುವಾ ಕೇಳುವಾಗ ಹಸೀನಾಬಿ ನಸ್ರೀನಳ ಹೆಸರಾದ ಮೇಲೆ ಸೀಮಾಬಾಯಿಯ ಹೆಸರು ಹೇಳುತ್ತಾಳೆ.

“ನನ್ನ ಹೆಸರು ಯಾವಾಗ ಬರತೈತಿ?” ಎಂದು ಒಂದು ದಿನ ಲಾಡಸಾಬ ಕೆಣಕಿದ.

“ತಡೀರಿ,” ಎಂದಳು ಅವಳು ಕಣ್ಣು ಮುಚ್ಚಿಕೊಂಡೇ, “ಅಲ್ಲಿಗೇ ಬರಾಕತ್ತೇನಿ.”