ಕಡ್ಡಿಯಂಥ ಅತ್ತಿಗೆಗೂ ಸಕ್ಕರೆ

ಅತ್ತಿಗೆಯ ಸುದ್ದಿ ಹುಡುಗಿಯ ಕಿವಿಗೆ ಮೊದಲು ಬಿದ್ದದ್ದು ಮದುವೆಯ ಮಾತುಕತೆಯ ದಿನ. ನೆಂಟಸ್ತಿಕೆ ತಂದಿದ್ದ ಚಿಕ್ಕಮ್ಮ, "ಅತ್ತೆ ಇಲ್ಲದ ಮನೆ ಕಣೇ, ನಿನ್ನ ಮಗಳು ಪುಣ್ಯ ಮಾಡಿದ್ಲು" ಎಂದಾಗ ಹುಡುಗಿಯ ತಾಯಿಯ ಮುಖ ಅರಳಿತು. ಚಿಕ್ಕಮ್ಮ ಲೋಟ ಕೆಳಗಿಟ್ಟು ಮೆಲ್ಲಗೆ ಸೇರಿಸಿದಳು: "ಹುಡುಗನಿಗೆ ಅಕ್ಕ ಒಬ್ಬಳಿದ್ದಾಳೆ. ಮದುವೆ ಗಿದುವೆ ಬೇಡ ಅಂತ ಮನೇಲೇ ಇದ್ದಾಳೆ. ಹತ್ತು ಅತ್ತೆಯರನ್ನ ಅರೆದು ಒಬ್ಬಳನ್ನ ಮಾಡಿದ ಹಾಗೆ." ಹುಡುಗಿಗೆ ನಗು ಬಂತು. ಆ ನಗು ಮದುವೆಯ ಮಾರನೆಯ ಬೆಳಗಿನವರೆಗೆ ಉಳಿಯಿತು.

ಅದು ಬೆತ್ತದ ಕುರ್ಚಿ ಹೆಣೆಯುವವರ ಓಣಿ. ಮುಂದಿನ ಕೋಣೆಯಲ್ಲಿ ಕೆಲಸ, ಹಿಂದಿನ ಕೋಣೆಯಲ್ಲಿ ಸಂಸಾರ, ನಡುವೆ ಬೆತ್ತ ನೆನೆಹಾಕುವ ತೊಟ್ಟಿ. ಬಾಗಿಲ ಬಳಿ ಮಣೆಯ ಮೇಲೆ ಅತ್ತಿಗೆ. ಆಕೆ ಎಷ್ಟು ಸಣಕಲೆಂದರೆ ಓಣಿಯವರು ಕಡ್ಡಿ ಎಂದೇ ಕರೆಯುತ್ತಿದ್ದರು, ಬೆನ್ನ ಹಿಂದೆ. ಹೊಸ ಹುಡುಗಿ ಬಾಯಿ ಮುಚ್ಚದೆ ಮಾತಾಡುವುದನ್ನು ಕೇಳಿ ಅತ್ತಿಗೆ ಆಕೆಗೆ ಗಿಣಿ ಎಂದು ಹೆಸರಿಟ್ಟಳು, ಮುಖದ ಮುಂದೆಯೇ.

"ಈ ಹೆಣಿಗೆ ಸಡಿಲ. ಬಿಚ್ಚು."

"ಕೂತ್ಕೊಳ್ಳೋರು ಕೆಳಗೆ ಬಗ್ಗಿ ನೋಡ್ತಾರಾ ಅತ್ತಿಗೆ?"

"ಕೆಳಗೆ ಬಿದ್ದಾಗ ನೋಡ್ತಾರೆ. ಬಿಚ್ಚು."

ದೊಡ್ಡ ಗಿರಾಕಿ ಯಾರಾದರೂ ನೋಡಲು ಒಂದು ಕುರ್ಚಿ ಕೇಳಿದರೆ, ಎಲ್ಲವನ್ನೂ ತಿರುವಿಹಾಕಿ ಇದ್ದುದರಲ್ಲಿ ಚೆಂದದ್ದನ್ನೇ ಕಳಿಸುವುದು ಓಣಿಯ ಪದ್ಧತಿ. ಆರಿಸುವ ಅಧಿಕಾರ ಅತ್ತಿಗೆಯದು.

ಗಿಣಿಗೆ ಮಗಳು ಹುಟ್ಟಿ ಎದೆಯೆತ್ತರ ಬೆಳೆದಳು. ಅತ್ತಿಗೆಯದೇ ಅಚ್ಚು: ಅದೇ ಸಣಕಲು ಮೈ, ಅದೇ ಗತ್ತು. ಆ ಹೊತ್ತಿಗೆ ಅತ್ತಿಗೆಯ ಕಾಲಲ್ಲೊಂದು ಹುಣ್ಣು ಬಾಡಿಗೆ ಕೊಡದೆ ಬಿಡಾರ ಹೂಡಿತ್ತು. ಅಂಥ ಕಾಲುಗಳು ಓಣಿಯಲ್ಲಿ ಬೇಕಾದಷ್ಟಿದ್ದವು. ಬೀದಿ ತುದಿಯ ಡಾಕ್ಟರು ಆಕೆಯನ್ನು ಮೇಲಿಂದ ಕೆಳಗೆ ನೋಡಿ, "ಸಕ್ಕರೆ ಕಾಯಿಲೆ ದಪ್ಪಗಿರೋರಿಗೆ ಬರೋದಮ್ಮ. ನೀವು ಸ್ವಲ್ಪ ತಿನ್ನಿ" ಎಂದು ಮುಲಾಮು ಕೊಟ್ಟಿದ್ದರು.

ಹಾಗಿರುವಾಗ ರಕ್ತ ಪರೀಕ್ಷೆಯ ವ್ಯಾನು ಬಂತು. ಅದರಿಂದ ಇಳಿದ ಡಾಕ್ಟರಮ್ಮ ಎಲ್ಲರನ್ನೂ ಕೂರಿಸಿ ಹೇಳಿದಳು: "ಸಕ್ಕರೆ ಕಾಯಿಲೆ ವಂಶದಲ್ಲಿ ಹೇಗೆ ಇಳಿದು ಬರುತ್ತೆ ಅಂತ ಯಾರು ಯಾರದೋ ರಕ್ತ ನೋಡಿ ಪುಸ್ತಕ ಬರೆದಿದ್ದಾರೆ. ನಿಮ್ಮ ಜನರ ರಕ್ತ ಇನ್ನೂ ಯಾರೂ ನೋಡಿಲ್ಲ. ಮೊದಲು ಮನೆಗೊಬ್ಬರು ಬನ್ನಿ. ಕಾಯಿಲೆ ಕಂಡರೆ ಎಲ್ಲರನ್ನೂ ನೋಡ್ತೀವಿ, ಇಲ್ಲೇ ಔಷಧಿ ಕೊಡ್ತೀವಿ."

ಯಾರನ್ನು ಕಳಿಸುವುದೆಂದು ಓಣಿ ಅತ್ತಿಗೆಯನ್ನು ಕೇಳಿತು.

"ಇದನ್ನೂ ಕೇಳಬೇಕಾ? ಗಿರಾಕಿ ಮುಂದೆ ಸೊಟ್ಟ ಕುರ್ಚಿ ಇಡ್ತೀರಾ?"

ಮನೆಮನೆಯಿಂದ ಕಲ್ಲುಗುಂಡಿನಂಥವರು ಹೊರಟರು. ಈ ಮನೆಯಿಂದ ಹೊರಟವನು ಗಿಣಿಯ ಗಂಡ, ಕುರ್ಚಿಗಳ ಗೋಪುರವನ್ನೇ ತಲೆಯ ಮೇಲೆ ಹೊರುವ ಆಳು. ಅತ್ತಿಗೆ ತಮ್ಮನ ತಲೆ ಬಾಚಿ ಕಳಿಸಿದಳು.

ಕೆಲವು ದಿನ ಬಿಟ್ಟು ಡಾಕ್ಟರಮ್ಮ, "ನಿಮ್ಮ ಓಣಿಯಲ್ಲಿ ಈ ಕಾಯಿಲೆಯೇ ಇಲ್ಲ. ನಾಳೆ ಬೇರೆ ಕಡೆ ಹೋಗ್ತೀವಿ" ಎಂದಳು. ದೊಡ್ಡ ಆರ್ಡರು ಗಿಟ್ಟಿಸಿದವಳಂತೆ ಅತ್ತಿಗೆ ಬೀಗಿದಳು.

ಮಧ್ಯಾಹ್ನದವರೆಗೆ. ಪಕ್ಕದಲ್ಲಿ ಹೆಣೆಯುತ್ತಿದ್ದ ಗಿಣಿಯ ಮಗಳು ನೀರಿಗೆಂದು ಎದ್ದಳು, ಬಂದು ಕೂತಳು, ಮತ್ತೆ ಎದ್ದಳು. ಇನ್ನೊಮ್ಮೆ ಎದ್ದಾಗ ಅತ್ತಿಗೆಯ ಕೈ ನಿಂತಿತು.

"ಲೇ ಗಿಣಿ, ಇವಳು ದಿನಾ ಹೀಗೇನಾ ನೀರು ಕುಡಿಯೋದು?"

"ನನಗೇನು ಗೊತ್ತು ಅತ್ತಿಗೆ. ನೀವು ಕುಡಿಯೋದು ನೋಡಿ ನೋಡಿ ನನಗದು ಹೆಚ್ಚು ಅಂತಾನೇ ಅನ್ಸಲ್ಲ."

ಅತ್ತಿಗೆ ತಿರುಗಿ ಬೈಯಲಿಲ್ಲ. ಅದನ್ನು ಕಂಡೇ ಗಿಣಿಗೆ ಹೆದರಿಕೆಯಾಯಿತು. ಅತ್ತಿಗೆ ಬರಿಗಾಲಲ್ಲಿ ಕುಂಟುತ್ತ ವ್ಯಾನಿನತ್ತ ನಡೆದರೆ, ಗಿಣಿ ಚಪ್ಪಲಿ ಹಿಡಿದು ಹಿಂದೆ ಓಡಿದಳು.

"ಡಾಕ್ಟರಮ್ಮ, ತಪ್ಪಾಯ್ತು. ನಿಮಗೆ ತೋರಿಸಿದ್ದು ಅಂಗಡಿ ಮುಂದೆ ಇಡೋ ಮಾಲು. ಒಳಗಿರೋದು ಇದು" ಎಂದು ಅತ್ತಿಗೆ ತನ್ನ ಕಾಲನ್ನು ವ್ಯಾನಿನ ಮೆಟ್ಟಿಲ ಮೇಲಿಟ್ಟಳು. ನಗಲು ಹೊರಟ ಡಾಕ್ಟರಮ್ಮ ಹುಣ್ಣು ನೋಡಿ ಸೂಜಿ ಕೈಗೆತ್ತಿಕೊಂಡಳು.

ವ್ಯಾನು ಹೋಗಲಿಲ್ಲ. ಅತ್ತಿಗೆ ಬಾಗಿಲು ಬಾಗಿಲಿಗೆ ಹೋಗಿ ಸಣಕಲರನ್ನೂ ಕುಂಟುವವರನ್ನೂ ಹೊರಗೆಳೆದಳು. ಬಾರದವರ ಏಳು ತಲೆಮಾರನ್ನು ಜಾಲಾಡಿದಳು. ಅರ್ಧ ಓಣಿಗೆ ಕಾಯಿಲೆಯಿತ್ತು. ಅತ್ತಿಗೆಗಂತೂ ತುಂಬಿ ತುಳುಕುವಷ್ಟು. ಮಗಳಿಗೆ ಇನ್ನೂ ಬಂದಿರಲಿಲ್ಲ. ಆ ಮಧ್ಯಾಹ್ನದ ದಾಹ ಉಪ್ಪು ಹಚ್ಚಿಕೊಂಡು ಕದ್ದು ತಿಂದ ಮಾವಿನಕಾಯಿಯದಂತೆ.

"ಬಂದೇ ಬರುತ್ತೆ ಅಂತಲ್ಲ" ಎಂದಳು ಡಾಕ್ಟರಮ್ಮ. "ಆದರೆ ವಂಶದಲ್ಲಿ ಇದ್ದ ಹಾಗಿದೆ. ಸಣ್ಣಗಿದ್ರೂ ಬರಬಹುದು. ವರ್ಷ ವರ್ಷ ನೋಡಿಸ್ತಿರಿ."

"ನಮ್ಮಪ್ಪ ಏನೂ ಆಸ್ತಿ ಬಿಟ್ಟಿಲ್ಲ ಅಂತಿದ್ದೆ. ಬಿಟ್ಟಿದ್ದಾನೆ" ಎಂದಳು ಅತ್ತಿಗೆ.

ಆಕೆಯ ಕಾಲಿಗೆ ಔಷಧಿ ತಡವಾಗಿ ಬಂದಿತ್ತು. ಮೊದಲು ಬೆರಳು ಹೋಯಿತು, ಆಮೇಲೆ ಪಾದ. ಕೆಲವು ವರ್ಷ ಹಾಸಿಗೆಯಲ್ಲೇ ಕೂತು ಹೆಣೆದಳು. ಕಡೆಗೆ ಅದೂ ನಿಂತಿತು. ವ್ಯಾನು ಬರುವುದೂ ನಿಂತಿತ್ತು. ಒಂದು ಸಂಜೆ ಗಿಣಿ ಕಾಲಿಗೆ ಬಟ್ಟೆ ಸುತ್ತುತ್ತಿದ್ದಾಗ ಅತ್ತಿಗೆ ಅವಳ ಮುಂಗೈ ಹಿಡಿದಳು.

"ರಕ್ತ ನೋಡಿಸಿ ವರ್ಷ ಆಯ್ತಲ್ಲ, ಮಗಳನ್ನ ಆಸ್ಪತ್ರೆಗೆ ಕರ್ಕೊಂಡು ಹೋಗು. ಇಷ್ಟು ಸಣ್ಣಗಿರೋಳಿಗೆ ಯಾಕಮ್ಮ ಅಂತ ವಾಪಸ್ ಕಳಿಸೋಕೆ ನೋಡ್ತಾರೆ. ಎದ್ದು ಬರಬೇಡ. ರಕ್ತ ತಗೊಳ್ಳೋ ತನಕ ಅಲ್ಲೇ ಕೂತಿರು."