ಮಗಳ ಗ್ರಹದ ಒಂದು ಅಕ್ಷರ

ಸಂಜೆ ಟಿವಿ ಹಾಕುವ ಮೊದಲು ಜಯದೇವ ಅದರ ಪರದೆಯನ್ನು ಒರೆಸುತ್ತಾರೆ. ಹಳೆಯ ಪಂಚೆಯಿಂದ ಹರಿದಿಟ್ಟುಕೊಂಡ ಮೆತ್ತನೆಯ ತುಂಡು, ಅದಕ್ಕೆ ಒಂದೆರಡು ಹನಿ ನೀರು, ಎಡದಿಂದ ಬಲಕ್ಕೆ, ಮೇಲಿನಿಂದ ಕೆಳಕ್ಕೆ. ಜ್ವರ ಬಂದ ದಿನವೂ ಇದನ್ನು ಬಿಟ್ಟವರಲ್ಲ. ಎರಡು ಸಾವಿರದ ಇಪ್ಪತ್ತನೇ ಇಸವಿಯಲ್ಲಿ ಕಾಡ್ಗಿಚ್ಚಿನ ಬೂದಿ ಸ್ಯಾನ್ ಡಿಯಾಗೋದ ಕಾರುಗಳ ಮೇಲೆ, ಕಿಟಕಿಗಳ ಮೇಲೆಲ್ಲ ಬಂದು ಕೂತಾಗ ನಡುವೆ ಎದ್ದು ಮತ್ತೊಮ್ಮೆ ಒರೆಸಿದ್ದೂ ಉಂಟು.

"ಸ್ಪೇಸ್ ತೋರಿಸ್ತಾರಲ್ಲ, ಆಗ ಪರದೆ ಪೂರ್ತಿ ಕಪ್ಪು. ಒಂದು ಧೂಳಿನ ಕಣ ಇದ್ರೂ ನಕ್ಷತ್ರ ಅಂದ್ಕೊಂಡು ನೋಡ್ಬೇಕಾಗತ್ತೆ" ಎನ್ನುವುದು ಅವರ ಸಮಜಾಯಿಷಿ.

ಅದೇ ಹೊತ್ತಿಗೆ ಪಕ್ಕದ ಗೂಡಿನಲ್ಲಿ ದೇವರ ದೀಪಕ್ಕೆ ಎಣ್ಣೆ ಹಾಕುವ ಹೆಂಡತಿ ಕಲಾವತಿ ನಗುತ್ತಾರೆ. "ನನ್ನ ದೇವರು ಚಿಕ್ಕದು, ಬೇಗ ಮುಗಿಯತ್ತೆ. ನಿಮ್ಮದು ಅರವತ್ತೈದು ಇಂಚು."

ಜಯದೇವ ಅರಸೀಕೆರೆಯವರು. ಓದಲು ಲಾಸ್ ಏಂಜಲೀಸಿಗೆ ಬಂದ ಹೊಸದರಲ್ಲಿ, ಕಾಲೇಜಿನ ಹತ್ತಿರದ ಒಂದು ಅಗ್ಗದ ಚಿತ್ರಮಂದಿರದಲ್ಲಿ ಮೊದಲ ಬಾರಿಗೆ ಬಾಹ್ಯಾಕಾಶದ ಸಿನಿಮಾ ನೋಡಿದರು. ಮಾತು ಅರ್ಧಕ್ಕರ್ಧ ಅರ್ಥವಾಗಲಿಲ್ಲ. ಆದರೆ ನೌಕೆಯೊಂದು ಪರದೆಯ ಈ ತುದಿಯಿಂದ ಆ ತುದಿಗೆ ಯಾವ ಅವಸರವೂ ಇಲ್ಲದೆ ಸಾಗಿದಾಗ, ತೆರೆದ ಬಾಯಿ ಮುಚ್ಚುವುದನ್ನು ಮರೆತು ಕೂತಿದ್ದರು. ಊರು ಬಿಟ್ಟು ಬಂದ ಅಳುಕು ಅವತ್ತು ಸ್ವಲ್ಪ ಇಳಿಯಿತಂತೆ. ತಾನೇನು ಮಹಾ ದೂರ ಬಂದಿದ್ದೇನೆ, ಇವರು ನೋಡು ಎಲ್ಲಿಗೆ ಹೊರಟಿದ್ದಾರೆ ಎನ್ನಿಸಿತಂತೆ.

ಅಂದಿನಿಂದ ಅವರು ಬಿಟ್ಟ ಸಿನಿಮಾ ಇಲ್ಲ, ನೋಡದ ಸರಣಿ ಇಲ್ಲ. ಹೊಟ್ಟೆಪಾಡಿನ ಕೆಲಸ ಕಾರ್ಲ್ಸ್‌ಬಾಡ್‌ನ ಒಂದು ಕಂಪನಿಯಲ್ಲಿ, ಆಂಟೆನಾಗಳನ್ನು ಪರೀಕ್ಷಿಸುವುದು. ಇಲ್ಲಿಂದ ಹೊರಟ ಸಿಗ್ನಲ್ ಅಲ್ಲಿಗೆ ಸರಿಯಾಗಿ ತಲುಪಿತೇ ಎಂದು ನೋಡುವುದರಲ್ಲಿ ಆಯುಷ್ಯ ಕಳೆಯಿತು. ಈಗ ಅರವತ್ತು ದಾಟಿದೆ. ಕೋವಿಡ್ ಮುಗಿದು ಆಫೀಸು ಮತ್ತೆ ತೆರೆದಾಗ ಲ್ಯಾಬಿನಲ್ಲಿ ಅರ್ಧ ಮೇಜುಗಳು ಖಾಲಿಯಾಗಿದ್ದವು. ಆಮೇಲೆ ಉಳಿದವರೂ ಒಬ್ಬೊಬ್ಬರಾಗಿ ತಮ್ಮ ಕಾಫಿ ಲೋಟ, ಮಕ್ಕಳ ಫೋಟೋ ಎತ್ತಿಕೊಂಡು ಹೋದರು. ತನ್ನ ಸರದಿ ಯಾವಾಗಲೋ ಎಂದು ಕೇಳುವ ಉತ್ಸಾಹವೂ ಜಯದೇವರಿಗೆ ಉಳಿದಿಲ್ಲ. ಸಂಜೆ ಫ್ರೀವೇಯಲ್ಲಿ ಬ್ರೇಕ್ ದೀಪಗಳ ಹಿಂದೆ ತೆವಳಿ ಮನೆ ಸೇರಿದರೆ ಮಾತಾಡುವಷ್ಟೂ ತ್ರಾಣವಿರುವುದಿಲ್ಲ. ಆಗ ಟಿವಿ.

ಆದರೆ ಟಿವಿಯೂ ಈಗೀಗ ದಣಿಸುತ್ತದೆ. ಅವರ ದೂರುಗಳು ಒಂದೆರಡಲ್ಲ. ಮಂಗಳದಲ್ಲಿರುವವನು ಭೂಮಿಯ ಹೆಂಡತಿಯ ಜೊತೆ ಪಕ್ಕದ ರೂಮಿನಲ್ಲಿದ್ದವನ ಹಾಗೆ ಮಾತಾಡುತ್ತಾನೆ. ಅಲ್ಲಿಂದ ಉತ್ತರ ಬರಲು ಅನ್ನಕ್ಕಿಟ್ಟು ಇಳಿಸುವಷ್ಟು ಹೊತ್ತು ಬೇಕು, ಆ ಕಾಯುವಿಕೆಯನ್ನು ತೋರಿಸಿದರೆ ಅದೇ ಒಂದು ಕಥೆ, ಅದು ಯಾರಿಗೂ ಬೇಡ. ಸತ್ತವರನ್ನು ಕಾಲದಲ್ಲಿ ಹಿಂದಕ್ಕೆ ಹೋಗಿ ಎಬ್ಬಿಸಿಕೊಂಡು ಬರುತ್ತಾರೆ, ಹಾಗಾಗಿ ಸತ್ತಾಗ ಅಳುವುದಕ್ಕೂ ಧೈರ್ಯವಿಲ್ಲ. ಒಂದು ಕಥೆ ಗೆದ್ದರೆ ನಾಯಕನ ತಾತನ ಕಥೆ, ಅದೂ ಗೆದ್ದರೆ ತಾತನ ನಾಯಿಯ ಕಥೆ. ಮನಸ್ಸು ಕೊಟ್ಟು ನೋಡಿದ ಒಳ್ಳೆಯ ಸರಣಿಯನ್ನು ಮಾತ್ರ ನಾಯಕಿ ಬಾಗಿಲು ತೆರೆಯುವ ಹೊತ್ತಿಗೆ ಸರಿಯಾಗಿ ನಿಲ್ಲಿಸಿಬಿಡುತ್ತಾರೆ. ಬಾಗಿಲಾಚೆ ಯಾರಿದ್ದರು ಎಂದು ಇನ್ನು ಈ ಜನ್ಮದಲ್ಲಿ ತಿಳಿಯುವುದಿಲ್ಲ.

ಕಲಾವತಿಯವರ ದೂರು ಒಂದೇ. "ಇಷ್ಟು ದೊಡ್ಡ ನೌಕೇಲಿ ಒಂದು ಅಡುಗೆಮನೆ ಇಲ್ಲ, ಒಂದು ದೀಪ ಹಚ್ಚೋ ಜಾಗ ಇಲ್ಲ. ಇವ್ರು ಹೋಗಿ ಯಾರನ್ನ ಉದ್ಧಾರ ಮಾಡ್ತಾರೆ?"

ಇದನ್ನೆಲ್ಲ ಜಯದೇವ ಭಾನುವಾರ ಬೆಳಿಗ್ಗೆ ವಿಡಿಯೋ ಕರೆಯಲ್ಲಿ ಗೆಳೆಯರ ಮುಂದೆ ಹೇಳುತ್ತಾರೆ. ಲಾಕ್‌ಡೌನಿನಲ್ಲಿ ಹೊತ್ತು ಹೋಗದೆ ಶುರುವಾದ ಕೂಟ ಅದು. ಎಲ್ಲರೂ ಟೆಲಿಕಾಂ ಕೆಲಸದಲ್ಲಿ ಕೂದಲು ಉದುರಿಸಿಕೊಂಡವರು. ಹುಬ್ಬಳ್ಳಿಯ ಓಂಪ್ರಕಾಶ್ ಅದರ ಜೀವ. "ಏನ್ರೀ ಜಯದೇವ್ರ, ಈ ವಾರ ಯಾರ್ನ ಗಲ್ಲಿಗೇರಿಸೋರು ನೀವು?" ಎಂದೇ ಅವರು ಆರಂಭಿಸುವುದು. ಜಯದೇವರ ಮಾತಿಗೆ ಅಲ್ಲಿ ಬೆಲೆ. ಅವರು ಯಾರ ಮುಲಾಜಿಗೂ ಒಂದು ಕೆಟ್ಟ ಸರಣಿಯನ್ನು ಚೆನ್ನಾಗಿದೆ ಎಂದವರಲ್ಲ.

ಮಗಳು ಸ್ಪಂದನಾ ಈ ಟಿವಿಯ ಮುಂದೆಯೇ ಬೆಳೆದವಳು. ಇಂಜಿನಿಯರಿಂಗ್ ಬಿಟ್ಟು ಲಾಸ್ ಏಂಜಲೀಸಿನಲ್ಲಿ ಬರಹಗಾರರ ತಂಡವೊಂದಕ್ಕೆ ಕಾಫಿ ತರುವ ಕೆಲಸಕ್ಕೆ ಸೇರಿದಳು. ಇಪ್ಪತ್ಮೂರನೇ ಇಸವಿಯಲ್ಲಿ ಬರಹಗಾರರ ಮುಷ್ಕರ ನಡೆದಾಗ ಜಯದೇವ ಒಂದು ದಿನ ರಜೆ ಹಾಕಿ, ಕ್ಯಾನಿನಲ್ಲಿ ಮಜ್ಜಿಗೆ ತುಂಬಿಕೊಂಡು ಹೋಗಿ, ಬಿಸಿಲಿನಲ್ಲಿ ಅವಳ ಜೊತೆ ಫಲಕ ಹಿಡಿದು ನಿಂತು ಬಂದಿದ್ದರು. ಆಮೇಲೆ ಅವಳಿಗೆ ಬರೆಯುವ ಕುರ್ಚಿಯೇ ಸಿಕ್ಕಿತು. ಉಪ್ಪು ಹೆಪ್ಪುಗಟ್ಟಿದ ಒಂದು ಪುಟ್ಟ ಗ್ರಹದ ಸರಣಿ. ಹೆಸರು ಹೊರಗೆ ಹೇಳುವಂತಿರಲಿಲ್ಲವಾದ್ದರಿಂದ ಮನೆಯಲ್ಲಿ ಅದಕ್ಕೆ 'ಮಗಳ ಗ್ರಹ' ಎಂದು ಹೆಸರಾಯಿತು.

ಹೋದ ವರ್ಷದ ವಸಂತದಲ್ಲಿ ಒಂದು ಶನಿವಾರ ಅವಳು ಲ್ಯಾಪ್‌ಟಾಪ್ ಹಿಡಿದುಕೊಂಡು ಮನೆಗೆ ಬಂದಳು. "ಮೈ ಎಪಿಸೋಡ್," ಎಂದಳು. "ಸರ್ಪ್ರೈಸ್ ಇದೆ. ಜಸ್ಟ್ ವಾಚ್."

ಇಬ್ಬರೂ ಸೋಫಾದಲ್ಲಿ ಕೂತರು. ಮಗಳು ಅವರಿಬ್ಬರ ಮುಖ ಕಾಣುವಂತೆ ನೆಲದ ಮೇಲೆ ಕೂತಳು.

ಮೊದಲಿನ ದೃಶ್ಯಗಳು ಚೆನ್ನಾಗಿದ್ದವು. ನಡುವೆ ಸ್ವಲ್ಪ ಎಳೆದಾಡಿತು. ಜಯದೇವ ಕಾಲು ಬದಲಿಸಿ ಕೂತರು. ಆಮೇಲೆ ಆ ಗ್ರಹದ ಮೂಲ ನಿವಾಸಿಗಳ ಗುಹೆ ಬಂತು. ಒಂದು ಅವಘಡದಲ್ಲಿ ಎಲ್ಲರನ್ನೂ ಕಳೆದುಕೊಂಡು ಮೂಕಳಾದ ಪುಟ್ಟ ಹುಡುಗಿ. ಅವಳ ಮುಂದೆ ನೀಲಿ ಮುಖವಾಡದ ಒಬ್ಬ ಮುದುಕ. ಅವನು ಬೊಗಸೆಯಲ್ಲಿ ಏನನ್ನೋ ಚಾಚಿ "ನೀರು" ಎಂದ. ಕಲಾವತಿ ಗಂಡನ ತೋಳು ಹಿಡಿದರು. "ಬಾ" ಎಂದ. ಕನ್ನಡ! ಆ ಉಪ್ಪಿನ ಗುಹೆಯಲ್ಲಿ ಕನ್ನಡ! ಜಯದೇವರ ಎದೆ ತುಂಬಿ ಬಂತು. ಪಿಟೀಲು ಸಣ್ಣಗೆ ಏರತೊಡಗಿತು. ಮುದುಕ ಹುಡುಗಿಯ ಗಲ್ಲ ಮುಟ್ಟಿ, ಮನಸ್ಸಿನಲ್ಲಿದ್ದದ್ದನ್ನು ನುಡಿಯೆಂದು ಕರುಳು ಕಿವುಚುವ ದನಿಯಲ್ಲಿ ಬೇಡಿಕೊಂಡ.

"ಹೇಲು, ಮಗು. ಹೇಲು."

ಕಲಾವತಿ ದುಪಟ್ಟಾ ಎಳೆದು ಬಾಯಿಗೆ ಒತ್ತಿಕೊಂಡರು. ಜಯದೇವರಿಗೆ ಕೆಮ್ಮು ಬಂತು, ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಬಂತು. ಪರದೆಯ ಮೇಲೆ ಮುದುಕ ಮೂರನೆಯ ಸಲ ಅದನ್ನೇ ಬೇಡಿದ. ಹುಡುಗಿಯ ತುಟಿ ಅದುರಿತು. ಕಲಾವತಿಯವರ ಭುಜ ಕುಲುಕುತ್ತಿತ್ತು.

"ಅಮ್ಮಾ, ಯು ಆರ್ ಕ್ರೈಯಿಂಗ್!" ಎಂದು ಸ್ಪಂದನಾ ಬಂದು ಇಬ್ಬರನ್ನೂ ತಬ್ಬಿಕೊಂಡಳು. ಅವಳೂ ಅಳುತ್ತಿದ್ದಳು, ನಿಜವಾದ ಅಳು. ಹೊಸ ಭಾಷೆ ಕಟ್ಟಿಸಲು ದುಡ್ಡಿಲ್ಲದೆ ಬಾಸ್ ಕೈಚೆಲ್ಲಿದ್ದನಂತೆ. ನಮ್ಮ ಮನೆಯ ಮಾತು ಇದೆಯಲ್ಲ ಎಂದು ಇವಳೇ ಹೇಳಿದಳಂತೆ. ತಾನೇ ಫೋನಿನಲ್ಲಿ ಉಚ್ಚರಿಸಿ ಕಳಿಸಿ, ನಟ ಅದನ್ನು ಕೇಳಿ ಕೇಳಿ ಕಲಿತನಂತೆ. ಮಂಗಳವಾರ ಸೌಂಡ್ ಕೆಲಸ ಮುಗಿದರೆ ಆಯಿತು, ಆಮೇಲೆ ಯಾರೂ ಏನೂ ಮುಟ್ಟುವಂತಿಲ್ಲ.

ಅವಳು ಸ್ನಾನಕ್ಕೆ ಹೋದಾಗ ಗಂಡಹೆಂಡತಿ ಅಡುಗೆಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಪಿಸುಗುಟ್ಟಿದರು.

"ಹೇಳ್ಬೇಡಿ" ಎಂದರು ಕಲಾವತಿ. ನಗು ಇಳಿದು ಅವರ ಮುಖ ಸಪ್ಪಗಾಗಿತ್ತು. "ಎಷ್ಟು ವರ್ಷದಿಂದ ಕಾದಿದಾಳೆ ಮಗು. ಇಲ್ಲಿನವ್ರಿಗೆ ಯಾರಿಗೆ ಗೊತ್ತಾಗತ್ತೆ?"

"ಇಲ್ಲಿನವ್ರಿಗೆ ಗೊತ್ತಾಗಲ್ಲ ಸರಿ. ಓಂಪ್ರಕಾಶಂಗೆ? ಅವ್ನು ರಿಂಗ್‌ಟೋನ್ ಮಾಡ್ಕೋತಾನೆ. ಬೆಂಗಳೂರಿನ ಹುಡುಗರ ಕೈಗೆ ಸಿಕ್ರೆ ಮುಗೀತು, ಊರೂರೆಲ್ಲ ಅದೇ ವಿಡಿಯೋ. ಇವಳ ಹೆಸರಿನ ಜೊತೆಗೇ ಅಂಟ್ಕೊಳ್ಳತ್ತೆ."

"ನೀವು ಹೇಳಿದ್ರೆ ಇನ್ನೆಂದೂ ಕನ್ನಡ ಮುಟ್ಟಲ್ಲ ಅವ್ಳು."

ಜಯದೇವ ಸಿಂಕಿನ ಅಂಚು ಹಿಡಿದು ನಿಂತರು. ಇಷ್ಟು ವರ್ಷ ಊರವರ ಮಕ್ಕಳು ಮಾಡಿದ ಸರಣಿಗಳನ್ನೆಲ್ಲ ಕೂತಲ್ಲೇ ಕೊಚ್ಚಿ ಹಾಕಿದ್ದರು. ಅವರ ಅಪ್ಪಂದಿರು ಯಾರೋ, ಯಾವ ಅಡುಗೆಮನೆಯಲ್ಲಿ ನಿಂತಿದ್ದರೋ. ಸುಳ್ಳು ಹೇಳುವುದು ಎಷ್ಟು ಸುಲಭ ಎಂದು ಅವತ್ತು ಅವರಿಗೆ ಮೊದಲ ಸಲ ಅನ್ನಿಸಿತು. ಚೆನ್ನಾಗಿದೆ ಮಗಳೇ ಎಂದರೆ ಸಾಕು. ಊಟ ಮಾಡಿ ಮಲಗಬಹುದು.

ಊಟವಾದ ಮೇಲೆ ಮಗಳನ್ನು ಕರೆದುಕೊಂಡು ಮನೆಯ ಹಿಂದಿನ ಕಣಿವೆಯ ದಾರಿಯಲ್ಲಿ ನಡೆಯಲು ಹೊರಟರು. ಒಣಗಿದ ಸೇಜ್ ಗಿಡಗಳ ನಡುವೆ ಸ್ವಲ್ಪ ದೂರ ನಡೆದರು.

"ಸ್ಪಂದನಾ, ಆ ಮುದುಕ ಹೇಳ್ತಾನಲ್ಲ ಕೊನೇಲಿ. ಅದು ತಪ್ಪು."

"ವಿಚ್ ವರ್ಡ್?"

"ಹೇಳು. ಅದು ಳ. ಅವ್ನು ಲ ಅಂತಾನೆ."

"ಓಕೆ... ಅಷ್ಟೊಂದು ಡಿಫರೆನ್ಸ್ ಇದ್ಯಾ?"

"ಇದೆ. ಅರ್ಥ ಬೇರೆ ಆಗತ್ತೆ."

"ಏನು ಅರ್ಥ?"

ಜಯದೇವ ಗುಡ್ಡದ ಕಡೆ ತಿರುಗಿ ನಿಂತರು. ಅರವತ್ತು ದಾಟಿದ ಮನುಷ್ಯ, ಬೆಳೆದ ಮಗಳು. "ಅದು... ಬಾತ್‌ರೂಮಿಗೆ ಸಂಬಂಧಪಟ್ಟದ್ದು."

"ಲೈಕ್, ಸೂಸೂ?"

"ಅಲ್ಲ. ಎರಡನೇದು."

ಅವಳು ನಿಂತುಬಿಟ್ಟಳು. ಹಿಂದಿನಿಂದ ಬಂದ ಸೈಕಲ್ಲೊಂದು ಗಂಟೆ ಹೊಡೆದು ಪಕ್ಕಕ್ಕೆ ಸರಿದು ಹೋಯಿತು.

"ಓ ಮೈ ಗಾಡ್," ಎಂದಳು ಮೆಲ್ಲಗೆ. "ಮೂರು ಸಲ. ವಿತ್ ವಯೊಲಿನ್ಸ್."

"ಹ್ಞೂಂ."

"ಅಮ್ಮ ಅಳ್ತಿರ್ಲಿಲ್ಲ. ಯು ಗೈಸ್ ವರ್ ಲಾಫಿಂಗ್." ಅವಳ ಕಣ್ಣು ಕೆಂಪಾಯಿತು. "ನಾನು ಚಿಕ್ಕವಳಾಗಿದ್ದಾಗ್ಲೂ ಹಾಗೇ ಅಂತಿದ್ದೆ. ನೀವು ನಗ್ತಿದ್ರಿ. ಕ್ಯೂಟ್ ಅಂತ ನಗ್ತಿದೀರ ಅನ್ಕೊಂಡಿದ್ದೆ."

"ಕ್ಯೂಟ್ ಆಗಿತ್ತು ಅಂತಲೇ ಕಣೇ ನಕ್ಕಿದ್ದು" ಎಂದರು ಜಯದೇವ.

ಅವಳು ಬೇಗ ಬೇಗ ನಡೆದು ಮುಂದೆ ಹೋದಳು. ಜಯದೇವರಿಗೆ ಹಿಂಬಾಲಿಸುವ ಶಕ್ತಿ ಇರಲಿಲ್ಲ. ಒಂದು ಬೆಂಚಿನ ಮೇಲೆ ಕೂತರು. ದೂರದ ತಿರುವಿನಲ್ಲಿ ಅವಳು ಫೋನಿನಲ್ಲಿ ಯಾರಿಗೋ ಕೈಯಾಡಿಸುತ್ತ ವಿವರಿಸುವುದು ಕಾಣುತ್ತಿತ್ತು. ಒಮ್ಮೆ ಹಣೆ ಚಚ್ಚಿಕೊಂಡಳು. ಇವಳಿಗೆ ನೆಲೆ ಸಿಗುವ ಹೊತ್ತಿಗೆ ನಾನೇ ಕಾಲೆಳೆದೆನೇನೋ ಎಂದು ಅವರು ಮನಸ್ಸಿನಲ್ಲೇ ದೇವರನ್ನು ನೆನೆದರು. ಹೆಂಡತಿಯ ಹಾಗೆ ಅಭ್ಯಾಸವಿಲ್ಲದ್ದರಿಂದ ಹೆಸರು ತಕ್ಷಣ ಬಾಯಿಗೆ ಬರಲಿಲ್ಲ.

ಬಹಳ ಹೊತ್ತಿನ ಮೇಲೆ ಅವಳು ಬಂದು ಪಕ್ಕದಲ್ಲಿ ಕೂತಳು. ಮುಖ ತೊಳೆದಂತಿತ್ತು.

"ಬಾಸ್ ನಕ್ಕ," ಎಂದಳು. "ಆಮೇಲೆ ಥ್ಯಾಂಕ್ಸ್ ಅಂದ. ಸೋಮವಾರ ಮತ್ತೆ ರೆಕಾರ್ಡ್ ಮಾಡ್ಬಹುದಂತೆ. ಮುಖವಾಡ ಅಲ್ವಾ, ತುಟಿ ಕಾಣಲ್ಲ. ಈಗ ಹೇಳ್ಕೊಡು. ಸರಿಯಾಗಿ. ನಗ್ಬೇಡ."

"ನಾಲಿಗೆ ತುದಿ ಮೇಲಕ್ಕೆ ಮಡಚು. ಅಂಗುಳಕ್ಕೆ ತಾಗಿಸು. ಈಗ ಬಿಡು. ಳ."

"ಲ."

"ಇನ್ನೂ ಹಿಂದೆ."

"ರ್ಲ."

"ಅದು ಮಲಯಾಳದ ಕಡೆ ಹೊರಟಿತು. ವಾಪಸ್ ಬಾ."

ಅವಳಿಗೆ ನಗು ಬಂತು. ಮತ್ತೆ ಮಡಚಿದಳು, ಮತ್ತೆ ಬಿಟ್ಟಳು. ನಾಯಿ ನಡೆಸಿಕೊಂಡು ಹೋಗುವವರು ಈ ಅಪ್ಪಮಗಳನ್ನು ವಿಚಿತ್ರವಾಗಿ ನೋಡಿದರು. ಬಿಸಿಲು ಬೆಂಚು ಬಿಟ್ಟು ಹೋಗುವ ಹೊತ್ತಿಗೆ ಒಂದು ಸಲ, ಒಂದೇ ಸಲ, ಅಪ್ಪಟ ಳಕಾರ ಬಿತ್ತು. "ಹೇಳು" ಎಂದಳು ಸ್ಪಂದನಾ, ತಾನೇ ಬೆರಗಾಗಿ.

ಮನೆಯ ಕಡೆ ತಿರುಗಿದಾಗ ಅವಳು ಅಪ್ಪನ ಕೈ ಹಿಡಿದಳು. "ಅಪ್ಪ, ನೀನೇ ಬಾ ಸೋಮವಾರ. ನೀನೇ ಹೇಳು ಆ ಲೈನ್. ಬಾಸ್ ಕೂಡ ಹೂಂ ಅಂದಿದಾನೆ. ಸ್ಟುಡಿಯೋ, ಮೈಕ್, ಸೆಟ್ ಎಲ್ಲ ತೋರಿಸ್ತೀನಿ. ಸ್ಪೇಸ್‌ಶಿಪ್ ಒಳಗೆ ಕೂರ್ಬಹುದು. ಕೊನೇಲಿ ನಿನ್ನ ಹೆಸರು ಬರತ್ತೆ."

ಜಯದೇವ ನಡೆಯುತ್ತಲೇ ಇದ್ದರು. ಅಗ್ಗದ ಚಿತ್ರಮಂದಿರದಲ್ಲಿ ಬಾಯಿ ತೆರೆದು ಕೂತಿದ್ದ ಹುಡುಗನಿಗೆ ಇದನ್ನು ಯಾರಾದರೂ ಕೊಟ್ಟಿದ್ದರೆ ಅವನು ಓಡಿಕೊಂಡೇ ಲಾಸ್ ಏಂಜಲೀಸ್ ತಲುಪುತ್ತಿದ್ದ.

"ಬೇಡ ಮಗಳೇ."

"ವೈ? ಡ್ರೈವ್ ನಾನು ಮಾಡ್ತೀನಿ."

"ಡ್ರೈವಿಂಗ್ ಅಲ್ಲ. ಅಷ್ಟು ಕಷ್ಟಪಟ್ಟು ಕಲ್ತಿದಾನೆ ಆ ನಟ, ಅವನ ನಾಲಿಗೇನೇ ನೀನು ತಿದ್ದು. ಮತ್ತೆ ನನ್ನ ಹೆಸರು ಅಲ್ಲಿ ಬಿದ್ರೆ ನಾನು ನಿಮ್ಮ ಕಡೆಯವನಾಗ್ಬಿಡ್ತೀನಿ. ಸುಸ್ತಾಗಿದೀನಿ ಕಣೇ, ಎಲ್ಲ ಒಂದೊಂದೇ ಬಿಟ್ಟುಹೋಗ್ತಿದೆ. ನೋಡಿದ್ದನ್ನ ನೋಡಿದ ಹಾಗೆ ಹೇಳೋದೊಂದು ಉಳಿದಿದೆ. ನಿನ್ನ ಎಪಿಸೋಡ್ ಬಂದ ಭಾನುವಾರ, ನಡುವೆ ಎಳೆದಾಡ್ತು ಅಂತ ಓಂಪ್ರಕಾಶನ ಮುಂದೆ ಹೇಗೆ ಹೇಳ್ಲಿ?"

"ಎಳೆದಾಡ್ತಾ?"

"ಸ್ವಲ್ಪ" ಎಂದರು ಜಯದೇವ, ಕೈ ಬಿಡದೆ. "ಬೇಡ. ನಾನು ಬರಲ್ಲ."